ಬ್ಲೇಡು, ಬಣ್ಣ, ಸೂಕ್ಷ್ಮದರ್ಶಕ: ಸಸ್ಯದ ಒಳರಚನೆಯನ್ನು ಮುಂಬಯಿಯ ಮನೆಯಲ್ಲೇ ನೋಡುವ ಬಗೆ

ಹೂಬಿಡುವ ಸಸ್ಯಗಳ ಒಳರಚನೆಯ ಪಾಠವನ್ನು ನಮ್ಮ ಮಕ್ಕಳು ಬಹುಮಟ್ಟಿಗೆ ಚಿತ್ರಕಲೆಯ ಪಾಠವಾಗಿಯೇ ಓದುತ್ತಾರೆ. ಪುಸ್ತಕದಲ್ಲಿರುವ ಸೂರ್ಯಕಾಂತಿ ಕಾಂಡದ ಅಡ್ಡಛೇದವನ್ನು (ಅಡ್ಡಕ್ಕೆ ಕತ್ತರಿಸಿದ ಬಿಲ್ಲೆಯ ನೋಟವನ್ನು) ನಕಲು ಮಾಡಿ, ಬಾಣ ಎಳೆದು ಹೆಸರು ಬರೆದು, ಅಂಕ ಪಡೆದು ಮುಂದೆ ಸಾಗುತ್ತಾರೆ. ಅದೇ ಕಾಂಡದ ನಿಜವಾದ ತುಂಡೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಯಾವುದು ನೀರು ಸಾಗಿಸುವ ಕ್ಸೈಲಂ, ಯಾವುದು ಸಕ್ಕರೆ ಸಾಗಿಸುವ ಫ್ಲೋಯಂ ಎಂದು ಹೇಳಲಾಗದೆ ತಬ್ಬಿಬ್ಬಾಗುತ್ತಾರೆ. ಅಂಗಾಂಶಗಳನ್ನು ಅವು ಕುಳಿತಿರುವ ಜಾಗದಿಂದ ಗುರುತಿಸಲು ಅವರು ಕಲಿತಿರುತ್ತಾರೆ. ಆದರೆ ಜಾಗ ಗಿಡದಿಂದ ಗಿಡಕ್ಕೆ, ಕಾಂಡದಿಂದ ಬೇರಿಗೆ, ಎಳೆಯದರಿಂದ ಬಲಿತದ್ದಕ್ಕೆ ಬದಲಾಗುತ್ತದೆ. ಹೆಚ್ಚು ನಂಬಬಹುದಾದ ಗುರುತು ಕೋಶಭಿತ್ತಿಯದು: ಅದು ತೆಳುವೋ ದಪ್ಪವೋ, ದಪ್ಪ ಎಲ್ಲ ಕಡೆ ಸಮನಾಗಿದೆಯೋ ಮೂಲೆಗಳಲ್ಲಷ್ಟೇ ಇದೆಯೋ, ಬಣ್ಣವನ್ನು ಹೀರಿಕೊಂಡಿದೆಯೋ ಬಿಟ್ಟಿದೆಯೋ ಎಂಬುದು. ಛೇದ ಕತ್ತರಿಸುವುದನ್ನೂ ಭಿತ್ತಿಯನ್ನು ಓದುವುದನ್ನೂ ಕಲಿಸುವುದು ಈ ಬರಹದ ಉದ್ದೇಶ. ಮುಂಬಯಿಯ ಫ್ಲ್ಯಾಟಿನ ಅಡುಗೆಮನೆಯ ಮೇಜಿನ ಮೇಲೆ ಅಥವಾ ಪ್ರಯೋಗಾಲಯವೆಂಬುದು ಹೆಸರಿಗಷ್ಟೇ ಇರುವ ಕನ್ನಡ ಶಾಲೆಯೊಂದರಲ್ಲಿ ಮಾಡಬಹುದಾದ ಕೆಲಸವನ್ನಷ್ಟೇ ಇಲ್ಲಿ ಹೇಳಿದ್ದೇನೆ. ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಹತ್ತನೆಯ ತರಗತಿಯ ಬಳಿಕ ಇಂಗ್ಲಿಷಿನಲ್ಲೇ ಓದಬೇಕಾಗುವುದರಿಂದ ಪೇರೆಂಕೈಮ, ಕೋಲೆಂಕೈಮ, ಕ್ಸೈಲಂ ಮೊದಲಾದ ಹೆಸರುಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.

ಬೇಕಾದ ಸಾಮಾನು

ಎರಡೂ ಕಡೆ ಅಂಚಿರುವ ಸಾಮಾನ್ಯ ಷೇವಿಂಗ್ ಬ್ಲೇಡು, ಚಿತ್ರ ಬಿಡಿಸುವ ತೀರ ಸಣ್ಣ ಬ್ರಷ್, ಎರಡು ಬಿಳಿ ಪಿಂಗಾಣಿ ಸಾಸರು, ಹೊಲಿಗೆ ಸೂಜಿ, ಡ್ರಾಪರ್, ಗಾಜಿನ ಸ್ಲೈಡುಗಳು, ಕವರ್ ಸ್ಲಿಪ್, ಟಿಶ್ಯೂ ಕಾಗದ ಮತ್ತು ಔಷಧದಂಗಡಿಯಲ್ಲಿ ಸಿಗುವ ಗ್ಲಿಸರಿನ್ ಇಷ್ಟಿದ್ದರೆ ಕೆಲಸ ಶುರು ಮಾಡಬಹುದು. ಸ್ಲೈಡು, ಕವರ್ ಸ್ಲಿಪ್, ಸಾಫ್ರನಿನ್ ಬಣ್ಣ ಇವು ಪ್ರಿನ್ಸೆಸ್ ಸ್ಟ್ರೀಟ್ ಕಡೆಯ ಪ್ರಯೋಗಾಲಯ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತವೆ. ಸಾಫ್ರನಿನ್ ಒಂದೇ ಸಾಕು. ಎರಡನೆಯ ಬಣ್ಣ ಕೊಳ್ಳುವ ಮನಸ್ಸಿದ್ದರೆ ಟೊಲುಯಿಡಿನ್ ಬ್ಲೂ ಕೊಳ್ಳಿ, ಏಕೆಂದರೆ ಆ ಒಂದೇ ಬಣ್ಣ ಬೇರೆ ಬೇರೆ ಬಗೆಯ ಭಿತ್ತಿಗಳ ಮೇಲೆ ಬೇರೆ ಬೇರೆ ಛಾಯೆಯಲ್ಲಿ ಕಾಣುತ್ತದೆ. ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣವನ್ನು ನೀರಿನಲ್ಲಿ ತೆಳುಗೊಳಿಸಿದರೆ ಪಿಷ್ಟವನ್ನು ಗುರುತಿಸಲು ಸಾಕಾಗುತ್ತದೆ. ಭಿತ್ತಿಯನ್ನು ಕಟ್ಟಿಗೆಯಂತೆ ಗಟ್ಟಿಗೊಳಿಸುವ ಲಿಗ್ನಿನನ್ನು ಕಡುಗೆಂಪಾಗಿ ತೋರಿಸುವ ಫ್ಲೋರೋಗ್ಲೂಸಿನಾಲ್ ಪರೀಕ್ಷೆ ಸೊಗಸಾದದ್ದೇ, ಆದರೆ ಅದಕ್ಕೆ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಬೇಕು. ಅದನ್ನು ಮನೆಗೆ ತರಬಾರದು.

ಸೂಕ್ಷ್ಮದರ್ಶಕದ ವಿಷಯದಲ್ಲಿ ಆಸೆ ಹೆಚ್ಚಿಸಿಕೊಳ್ಳುವುದು ಬೇಡ. ಹತ್ತು ಪಟ್ಟಿನ ನೇತ್ರಮಸೂರ, ಹತ್ತು ಮತ್ತು ನಲವತ್ತು ಪಟ್ಟಿನ ವಸ್ತುಮಸೂರಗಳಿರುವ ಶಾಲಾ ಸೂಕ್ಷ್ಮದರ್ಶಕ 100 ಮತ್ತು 400 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಅಂಗಾಂಶಗಳನ್ನು ಗುರುತಿಸಲು ಬಹುಪಾಲು 100 ಪಟ್ಟೇ ಸಾಕು. ಅದೂ ಇಲ್ಲದವರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಪರಿಚಯಿಸಿದ ಫೋಲ್ಡ್‌ಸ್ಕೋಪ್ ಇದೆ. ಮಡಚಿ ಜೋಡಿಸುವ ಈ ಕಾಗದದ ಉಪಕರಣ ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಒಳ್ಳೆಯ ಛೇದವಿದ್ದರೆ ಇದರಲ್ಲೂ ನಾಳಗಳು ಸ್ಪಷ್ಟವಾಗಿ ಕಾಣುತ್ತವೆ. ಛೇದ ದಪ್ಪಗಿದ್ದರೆ ಲಕ್ಷ ರೂಪಾಯಿಯ ಯಂತ್ರದಲ್ಲೂ ಮಸುಕಷ್ಟೇ ಕಾಣುವುದು.

ಗಿಡದ ಆಯ್ಕೆ

ಪೆನ್ಸಿಲ್ಲಿಗಿಂತ ತುಸು ತೆಳುವಾದ, ಬಾಗಿಸಿದರೆ ಬಾಗುವ ಆದರೆ ಹಿಂಡಿದರೆ ನಜ್ಜಾಗದ ಎಳೆಯ ಕಾಂಡ ಕಲಿಯುವವರಿಗೆ ತಕ್ಕದ್ದು. ಕಾಂಡದಲ್ಲಿ ಎಲೆ ಹುಟ್ಟುವ ಗೆಣ್ಣನ್ನು ಬಿಟ್ಟು ಎರಡು ಗೆಣ್ಣುಗಳ ನಡುವಿನ ಭಾಗವನ್ನೇ ಆರಿಸಬೇಕು. ಗೆಣ್ಣಿನಲ್ಲಿ ಎಲೆಗೆ ಹೋಗುವ ನಾಳಗಳು ಕವಲೊಡೆಯುವುದರಿಂದ ಅಲ್ಲಿನ ನೋಟ ಗೋಜಲಾಗಿರುತ್ತದೆ. ಕಿತ್ತ ಕೂಡಲೇ ತುಂಡನ್ನು ನೀರಿನಲ್ಲಿಡಿ. ಬಾಡಿದ ಕಾಂಡದ ಕೋಶಗಳು ಬಿಗಿ ಕಳೆದುಕೊಂಡು ಬ್ಲೇಡಿನ ಮುಂದೆ ಬಾಗುತ್ತವೆಯೇ ಹೊರತು ತುಂಡಾಗುವುದಿಲ್ಲ.

ಸೂರ್ಯಕಾಂತಿ ಸಿಗದಿದ್ದರೆ ಚಿಂತೆಯಿಲ್ಲ. ಮೈದಾನದ ಅಂಚಿನಲ್ಲಿ, ಕಾಂಪೌಂಡ್ ಗೋಡೆಯ ಬುಡದಲ್ಲಿ ಬೆಳೆಯುವ, ಮರಾಠಿಯವರು ಏಕದಂಡಿ ಅಥವಾ ದಗಡಿ ಪಾಲಾ ಎನ್ನುವ ಟ್ರೈಡ್ಯಾಕ್ಸ್ ಅದೇ ಕುಟುಂಬದ ಕಳೆ. ಕುಂಬಳದ ಎಳೆಯ ಬಳ್ಳಿ, ಕೆಸುವಿನ ತೊಟ್ಟು, ಬಾಳೆಎಲೆಯ ದಂಟು ಇವು ಮಾಟುಂಗಾ ಮತ್ತು ದಾದರ್ ಮಾರುಕಟ್ಟೆಗಳಲ್ಲಿ ಸಿಗುವಂಥವು. ಏಕದಳ (ಬೀಜದಲ್ಲಿ ಒಂದೇ ದಳವಿರುವ) ಸಸ್ಯದ ಕಾಂಡಕ್ಕೆ ಮುಸುಕಿನ ಜೋಳದ ಗಿಡವನ್ನೇ ಹುಡುಕಬೇಕಾಗಿಲ್ಲ: ಭುಟ್ಟಾ ಮಾರುವವರು ಮುರಿದು ಎಸೆಯುವ, ತೆನೆಯ ಬುಡದ ಹಿಡಿಕೆಯೂ ಕಾಂಡವೇ. ಮಳೆಗಾಲದಲ್ಲಿ ಕುಂಡಗಳಲ್ಲಿ ತಾನಾಗಿ ಹುಟ್ಟುವ, ನಮ್ಮ ಕರಾವಳಿಯ ಹಳಬರು ಸ್ಲೇಟು ಒರೆಸಲು ಬಳಸುತ್ತಿದ್ದ ನೀರುಕಡ್ಡಿ ಬಲು ಉಪಯುಕ್ತ ಗಿಡ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಿಂದ ಒಂದು ಎಲೆಯನ್ನೂ ಕೀಳಬಾರದು. ಖಾಡಿಯ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಮರಗಳಿಗೂ ಕಾನೂನಿನ ರಕ್ಷಣೆಯಿದೆ. 2005ರಲ್ಲೇ ಮುಂಬಯಿ ಹೈಕೋರ್ಟು ಅವುಗಳ ನಾಶವನ್ನು ತಡೆಯುವ ಆದೇಶ ನೀಡಿದೆ. ನಮ್ಮ ಕೆಲಸಕ್ಕೆ ಕಳೆಗಿಡ, ತರಕಾರಿ, ಬಾಲ್ಕನಿಯ ಕುಂಡ ಧಾರಾಳವಾಗಿ ಸಾಕು.

ಛೇದ ಕತ್ತರಿಸುವುದು

ಇಡೀ ಕೆಲಸದ ಜೀವಾಳ ಇದೇ ಆದ್ದರಿಂದ ತುಸು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ಕಾಗದದ ಹಾಳೆಯೊಂದು ಸುಮಾರು 100 ಮೈಕ್ರಾನ್ ದಪ್ಪವಿರುತ್ತದೆ; ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಕಾಂಡದ ತಿರುಳಿನ ಕೋಶಗಳು ಸಾಮಾನ್ಯವಾಗಿ 50ರಿಂದ 100 ಮೈಕ್ರಾನ್ ಅಗಲ ಇರುತ್ತವೆ, ಫ್ಲೋಯಂನ ಕೋಶಗಳು ಅದಕ್ಕಿಂತ ಬಹಳ ಚಿಕ್ಕವು. ಛೇದ ಒಂದು ಕೋಶಕ್ಕಿಂತ ದಪ್ಪವಾಗಿದ್ದರೆ ಮೇಲಿನ ಭಿತ್ತಿಗಳೂ ಕೆಳಗಿನ ಭಿತ್ತಿಗಳೂ ಒಂದರ ಮೇಲೊಂದು ಬಿದ್ದು ಗೆರೆಗಳೆಲ್ಲ ಜೋಡಿಯಾಗಿ ಕಾಣುತ್ತವೆ. ಹೀಗಾಗಿ ಹಾಳೆಗಿಂತ ತೆಳುವಾಗಿ ಕತ್ತರಿಸಬೇಕು. ಪಳಗಿದ ಕೈ ಬರಿಯ ಬ್ಲೇಡಿನಿಂದ 20ರಿಂದ 50 ಮೈಕ್ರಾನ್ ದಪ್ಪಕ್ಕೆ ಇಳಿಯಬಲ್ಲದು.

ಬ್ಲೇಡನ್ನು ಅದರ ಕಾಗದದ ಹೊದಿಕೆಯೊಳಗೇ ಉದ್ದಕ್ಕೆ ಬಾಗಿಸಿ ಎರಡು ಹೋಳು ಮಾಡಿ. ಆಗ ಹಿಡಿಯುವ ಬೆರಳಿನ ಕಡೆ ಅಂಚು ಇರುವುದಿಲ್ಲ. ಈ ಕೆಲಸವನ್ನು ದೊಡ್ಡವರೇ ಮಾಡಬೇಕು. ಹೊಸ ಬ್ಲೇಡಿನ ಮೇಲೆ ಎಣ್ಣೆಯ ಪಸೆ ಇರುವುದರಿಂದ ಅದನ್ನು ಟಿಶ್ಯೂ ಕಾಗದದಿಂದ ಅಂಚಿನ ದಿಕ್ಕಿಗೆ ಒರೆಸಿ ತೆಗೆಯಿರಿ. ಎರಡು ಮೂರು ಸೆಂಟಿಮೀಟರ್ ಉದ್ದದ ಕಾಂಡದ ತುಂಡನ್ನು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ನೆಟ್ಟಗೆ ಹಿಡಿದು, ಹೆಬ್ಬೆರಳನ್ನು ತುಸು ಕೆಳಗಿಡಿ. ಬ್ಲೇಡಿನ ಚಪ್ಪಟೆ ಮೈ ತೋರುಬೆರಳಿನ ಮೇಲೆ ಒರಗಿರಲಿ. ಬ್ಲೇಡನ್ನೂ ಕಾಂಡದ ತುದಿಯನ್ನೂ ನೀರಿನಿಂದ ಒದ್ದೆ ಮಾಡಿ, ಮೊದಲು ಒಂದು ದಪ್ಪ ಬಿಲ್ಲೆಯನ್ನು ತೆಗೆದು ಎಸೆದು ಮೇಲ್ಮೈಯನ್ನು ಸಮ ಮಾಡಿಕೊಳ್ಳಿ. ಆಮೇಲೆ ಬ್ಲೇಡನ್ನು ಓರೆಯಾಗಿ, ಅಂಚಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ಬಳಸುವಂತೆ, ಒಂದೇ ಎಳೆತದಲ್ಲಿ ನಿಮ್ಮ ಕಡೆಗೆ ಎಳೆಯಿರಿ. ಹಿಂದಕ್ಕೂ ಮುಂದಕ್ಕೂ ಗೀಚಿದರೆ ಬಿಲ್ಲೆಯ ಮೇಲೆ ಮೆಟ್ಟಿಲುಗಳು ಮೂಡುತ್ತವೆ. ಒತ್ತಿ ಕತ್ತರಿಸಿದರೆ ಕೋಶಗಳು ಅಪ್ಪಚ್ಚಿಯಾಗುತ್ತವೆ.

ಹೊಸಬರ ದೊಡ್ಡ ತಪ್ಪು ಕಲ್ಪನೆ ಒಂದಿದೆ: ಬಿಲ್ಲೆ ಪೂರ್ತಿ ದುಂಡಗೆ ಬರಲೇಬೇಕು ಎಂಬುದು. ಕಾಂಡದ ಪೂರ್ತಿ ಅಗಲವನ್ನು ತೆಳುವಾಗಿ ಕತ್ತರಿಸಲು ಹೊರಟವರು ದಪ್ಪ ಬಿಲ್ಲೆಗಳನ್ನೇ ಪಡೆಯುತ್ತಾರೆ. ಅಂಚಿನಿಂದ ತಿರುಳಿನವರೆಗಿನ ಒಂದು ಪಾಲು, ಒಂದು ಕಡೆ ತೀರ ತೆಳುವಾಗುತ್ತ ಹೋಗುವ ಚೂರು, ಅದಕ್ಕಿಂತ ನೂರು ಪಾಲು ಹೆಚ್ಚು ಬೆಲೆಯುಳ್ಳದ್ದು. ಆ ತೆಳುವಾದ ಅಂಚಿನಲ್ಲೇ ಭಿತ್ತಿಗಳು ನಿಚ್ಚಳವಾಗಿ ಕಾಣುವುದು. ಎಣಿಸದೆ, ಅಳೆಯದೆ ಹತ್ತಿಪ್ಪತ್ತು ಬಿಲ್ಲೆಗಳನ್ನು ಒಂದರ ಹಿಂದೊಂದು ಕತ್ತರಿಸಿ, ಬ್ರಷ್ಷಿನಿಂದ ಎತ್ತಿ ಸಾಸರಿನ ನೀರಿಗೆ ಬಿಡಿ. ಬಿಳಿ ಪಿಂಗಾಣಿಯ ಮೇಲೆ ಯಾವುದು ಇದೆಯೋ ಇಲ್ಲವೋ ಎಂಬಂತೆ ಪಾರದರ್ಶಕವಾಗಿ ತೇಲುತ್ತದೋ ಅದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಚೆಲ್ಲಿ.

ಎಲೆ, ಎಳೆಯ ಬೇರು ಮುಂತಾದ ಮೆತ್ತನೆಯ ಭಾಗಗಳು ಬೆರಳಿನ ನಡುವೆ ನಿಲ್ಲುವುದಿಲ್ಲ. ಕ್ಯಾರೆಟ್ಟಿನ ಉದ್ದನೆಯ ತುಂಡೊಂದನ್ನು ಅರ್ಧದವರೆಗೆ ಸೀಳಿ, ಆ ಸೀಳಿನಲ್ಲಿ ಎಲೆಯ ಪಟ್ಟಿಯನ್ನು ಸಿಕ್ಕಿಸಿ, ಎರಡನ್ನೂ ಒಟ್ಟಿಗೆ ಕತ್ತರಿಸಬೇಕು. ಆಲೂಗಡ್ಡೆಯನ್ನು ಬಳಸಿ ಎಂದು ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಆಲೂಗಡ್ಡೆಯ ಪಿಷ್ಟದ ಕಣಗಳು ಛೇದದ ತುಂಬ ಚೆದುರಿ, ಅಯೋಡಿನ್ ಹಾಕಿದಾಗ ಎಲೆಯದು ಯಾವುದು, ಗಡ್ಡೆಯದು ಯಾವುದು ತಿಳಿಯದಂತಾಗುತ್ತದೆ.

ಬಣ್ಣ ಕೊಡುವುದು, ಸ್ಲೈಡಿಗೆ ಏರಿಸುವುದು

ಮೊದಲು ಬಣ್ಣವಿಲ್ಲದೆಯೇ ಒಂದು ಛೇದವನ್ನು ನೀರಿನಲ್ಲಿಟ್ಟು ನೋಡಿ. ಹರಿತ್ತು ಎಲ್ಲಿದೆ, ಯಾವ ಕೋಶಗಳಲ್ಲಿ ಗಾಳಿ ತುಂಬಿದೆ, ಹರಳುಗಳಿವೆಯೋ ಎಂಬ ಸಂಗತಿಗಳು ಬಣ್ಣ ಹಾಕಿದ ಮೇಲೆ ಮರೆಯಾಗುತ್ತವೆ. ಆಮೇಲೆ ಶೇಕಡಾ 1ರ ಸಾಫ್ರನಿನ್ ದ್ರಾವಣದಲ್ಲಿ ಛೇದಗಳನ್ನು ಎರಡರಿಂದ ಐದು ನಿಮಿಷ ಇಟ್ಟು, ನೀರು ಬದಲಿಸುತ್ತ, ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆಯಿರಿ. ತೊಳೆಯುವುದರಲ್ಲೇ ಗುಟ್ಟಿದೆ. ಲಿಗ್ನಿನ್, ತೊಗಟೆಯ ಸುಬೆರಿನ್, ಹೊರಪದರದ ಮೇಣದಂಥ ಕ್ಯೂಟಿನ್ ಸೇರಿರುವ ಭಿತ್ತಿಗಳು ಸಾಫ್ರನಿನ್ನನ್ನು ಬಿಗಿಯಾಗಿ ಹಿಡಿದುಕೊಂಡು ಕೆಂಪಾಗಿ ಉಳಿಯುತ್ತವೆ, ಬರಿಯ ಸೆಲ್ಯುಲೋಸಿನ ಭಿತ್ತಿಗಳು ಅದನ್ನು ಬಿಟ್ಟುಕೊಟ್ಟು ನಸುಗುಲಾಬಿಗೆ ತಿರುಗುತ್ತವೆ. ಅರೆಬರೆ ತೊಳೆದರೆ ಎಲ್ಲವೂ ಕೆಂಪಾಗಿ ಕಂಡು ಬಣ್ಣ ಹಾಕಿದ್ದೇ ವ್ಯರ್ಥ. ಟೊಲುಯಿಡಿನ್ ಬ್ಲೂ ಆದರೆ ಶೇಕಡಾ 0.05ರ ತೆಳು ದ್ರಾವಣದಲ್ಲಿ ಒಂದು ನಿಮಿಷ ಸಾಕು: ಲಿಗ್ನಿನ್ ಇರುವ ಭಿತ್ತಿ ನೀಲಿ ಅಥವಾ ಹಸಿರುಮಿಶ್ರಿತ ನೀಲಿಯಾಗಿ, ಪೆಕ್ಟಿನ್ ಹೆಚ್ಚಿರುವ ತೆಳು ಭಿತ್ತಿ ನೇರಳೆ ಗುಲಾಬಿಯಾಗಿ ಕಾಣುತ್ತದೆ. ಎರಡೂ ಬಣ್ಣಗಳು ಬಟ್ಟೆಗೆ ಅಂಟಿದರೆ ಹೋಗುವುದು ಕಷ್ಟ. ಮಕ್ಕಳ ಯೂನಿಫಾರ್ಮಿನ ಮೇಲೆ ಹಳೆಯ ಅಂಗಿಯೊಂದನ್ನು ಹಾಕಿಸಿ.

ಸ್ಲೈಡಿನ ನಡುವೆ ನೀರು ಬೆರೆಸಿದ ಗ್ಲಿಸರಿನ್ನಿನ ಒಂದು ಹನಿ ಹಾಕಿ, ಅದರಲ್ಲಿ ಛೇದವನ್ನಿಟ್ಟು, ಕವರ್ ಸ್ಲಿಪ್ಪಿನ ಒಂದು ಅಂಚನ್ನು ಹನಿಗೆ ತಾಗಿಸಿ ಇನ್ನೊಂದು ಅಂಚನ್ನು ಸೂಜಿಯ ಆಸರೆಯಲ್ಲಿ ಮೆಲ್ಲಗೆ ಇಳಿಸಬೇಕು. ಕಪ್ಪು ದಪ್ಪ ಅಂಚಿನ, ಪೂರ್ತಿ ದುಂಡಗಿನ ವೃತ್ತಗಳು ಕಂಡರೆ ಅವು ಗಾಳಿಗುಳ್ಳೆಗಳು. ಪ್ರಯೋಗದ ಪುಸ್ತಕಗಳಲ್ಲಿ ಇವನ್ನೇ ದೊಡ್ಡ ಕೋಶಗಳೆಂದು ಬರೆದಿರುವ ಮಕ್ಕಳ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ನೋಡುವಾಗ ಯಾವಾಗಲೂ ಚಿಕ್ಕ ಮಸೂರದಿಂದ ಆರಂಭಿಸಿ, ಬೆಳಕಿನ ರಂಧ್ರವನ್ನು ತುಸು ಕಿರಿದು ಮಾಡಿ. ಬೆಳಕು ಕಡಿಮೆಯಾದಷ್ಟೂ ಬಣ್ಣವಿಲ್ಲದ ಭಿತ್ತಿಗಳು ಎದ್ದು ಕಾಣುತ್ತವೆ.

ಭಿತ್ತಿಯನ್ನು ಓದುವುದು

ಕತ್ತರಿಸುವುದಕ್ಕೂ ಮುಂಚೆ ಸುಲಿಯುವುದರಿಂದ ಆರಂಭಿಸಿದರೆ ಕಣ್ಣು ಪಳಗುತ್ತದೆ. ನಮ್ಮ ಸೊಸೈಟಿಗಳ ಅಂಗಳದಲ್ಲೆಲ್ಲ ಬೆಳೆಸುವ, ಎಲೆಯ ಅಡಿಭಾಗ ನೇರಳೆಯಾಗಿರುವ ರಿಯೊ ಗಿಡದ ಎಲೆಯನ್ನು ಓರೆಯಾಗಿ ಹರಿದರೆ ನೇರಳೆ ಪೊರೆಯೊಂದು ಎದ್ದು ಬರುತ್ತದೆ. ಅದನ್ನು ನೀರಿನ ಹನಿಯಲ್ಲಿಟ್ಟು ನೋಡಿದರೆ ಹೊರಪದರದ ಕೋಶಗಳು ನೇರಳೆಯಾಗಿಯೂ, ಪತ್ರರಂಧ್ರವನ್ನು ಕಾಯುವ ಜೋಡಿ ಕೋಶಗಳು ಹಸಿರಾಗಿಯೂ ಕಾಣುತ್ತವೆ. ಬಣ್ಣದ ಖರ್ಚಿಲ್ಲದೆ ಎರಡು ಬಗೆಯ ಕೋಶಗಳ ವ್ಯತ್ಯಾಸ ಮಗುವಿಗೂ ತಿಳಿಯುತ್ತದೆ. ಉಪ್ಪುನೀರಿನ ಹನಿಯೊಂದನ್ನು ಕವರ್ ಸ್ಲಿಪ್ಪಿನ ಅಂಚಿಗೆ ಬಿಟ್ಟರೆ ನೇರಳೆ ದ್ರವ ಭಿತ್ತಿಯನ್ನು ಬಿಟ್ಟು ಒಳಕ್ಕೆ ಕುಗ್ಗುತ್ತದೆ. ಭಿತ್ತಿ ಬೇರೆ, ಜೀವವಿರುವ ಒಳಭಾಗ ಬೇರೆ ಎಂಬುದು ಕಣ್ಣೆದುರೇ ಸಾಬೀತಾಗುತ್ತದೆ.

ಈಗ ಟ್ರೈಡ್ಯಾಕ್ಸ್ ಅಥವಾ ಸೂರ್ಯಕಾಂತಿಯ ಕಾಂಡದ ಬಣ್ಣಗೊಳಿಸಿದ ಛೇದವನ್ನು ಹೊರಗಿನಿಂದ ಒಳಕ್ಕೆ ಓದಿ. ಅಂಚಿನಲ್ಲಿ ಒಂದೇ ಸಾಲಿನ ಹೊರಪದರ, ಅದರ ಹೊರಮುಖದಲ್ಲಿ ಕ್ಯೂಟಿನ್ನಿನ ತೆಳು ಲೇಪ, ಅಲ್ಲಲ್ಲಿ ಹಲವು ಕೋಶಗಳ ರೋಮಗಳು. ಅದರ ಕೆಳಗೆ ಭಿತ್ತಿ ಮೂಲೆಗಳಲ್ಲಷ್ಟೇ ದಪ್ಪಗಿರುವ, ಸಾಫ್ರನಿನ್ ಹಿಡಿಯದೆ ಹೊಳೆಯುವ ಕೆಲವು ಸಾಲುಗಳಿವೆ: ಅದು ಕೋಲೆಂಕೈಮ. ಈ ಕೋಶಗಳು ಜೀವಂತ. ದಪ್ಪವಿರುವುದು ಸೆಲ್ಯುಲೋಸ್ ಮತ್ತು ಪೆಕ್ಟಿನ್ನಿನದು, ಲಿಗ್ನಿನ್ನಿನದಲ್ಲ. ಆದ್ದರಿಂದಲೇ ಕಾಂಡ ಬೆಳೆಯುತ್ತ ಉದ್ದವಾಗುವಾಗ ಇವೂ ಜೊತೆಯಲ್ಲಿ ಹಿಗ್ಗಬಲ್ಲವು. ಅದರ ಒಳಗೆ ಎಲ್ಲ ಕಡೆ ತೆಳು ಭಿತ್ತಿಯ, ದುಂಡಗಿನ, ನಡುನಡುವೆ ಗಾಳಿಯ ಸಂದುಗಳಿರುವ ಕೋಶಗಳು ಪೇರೆಂಕೈಮ. ಇದರ ಅತಿ ಒಳಗಿನ ಸಾಲಿಗೆ ಅಯೋಡಿನ್ ತಾಗಿಸಿದರೆ ಪಿಷ್ಟದ ಕಣಗಳು ಕಪ್ಪುನೀಲಿಯಾಗಿ, ನಾಳಕೂರ್ಚಗಳ (ಕ್ಸೈಲಂ, ಫ್ಲೋಯಂಗಳ ಕಟ್ಟುಗಳ) ಮೇಲೆ ಅಲೆಯಲೆಯಾಗಿ ಸಾಗುವ ಗೆರೆಯೊಂದು ಮೂಡುತ್ತದೆ. ಚಿತ್ರಗಳಲ್ಲಿ ಪಿಷ್ಟದ ಪೊರೆ ಎಂದು ಬರೆಯುವುದು ಇದನ್ನೇ.

ಬಳಿಕ ನಾಳಕೂರ್ಚಗಳು ವೃತ್ತಾಕಾರದಲ್ಲಿ ಕುಳಿತಿವೆ. ಪ್ರತಿಯೊಂದರ ಹೊರತುದಿಯಲ್ಲಿ ಭಿತ್ತಿ ಸುತ್ತಲೂ ಸಮನಾಗಿ ದಪ್ಪವಿರುವ, ಒಳಗಿನ ಜಾಗ ಬಹಳ ಕಿರಿದಾದ, ಕಡುಗೆಂಪಿನ ಗುಂಪೊಂದು ಕಂಡರೆ ಅದು ಸ್ಕ್ಲೀರೆಂಕೈಮ, ಸತ್ತ ನಾರಿನ ಕೋಶಗಳು. ಅದರ ಕೆಳಗೆ ಬಣ್ಣ ಹಿಡಿಯದ, ಚಿಕ್ಕ, ಆಕಾರ ಒಂದೇ ಸಮನಿಲ್ಲದ ಕೋಶಗಳ ಗುಂಪು ಫ್ಲೋಯಂ. ಮಕ್ಕಳು ಇದನ್ನು ಕಡೆಗಣಿಸುವುದು ಹೆಚ್ಚು, ಏಕೆಂದರೆ ಕೆಂಪಿನ ನಡುವೆ ಅದು ಖಾಲಿ ಜಾಗವೆಂಬಂತೆ ಕಾಣುತ್ತದೆ. ಸಕ್ಕರೆಯನ್ನು ಸಾಗಿಸುವ ಜರಡಿನಾಳಗಳು ಇರುವುದು ಅಲ್ಲೇ. ಫ್ಲೋಯಂ ಮತ್ತು ಕ್ಸೈಲಂಗಳ ನಡುವೆ ಚಪ್ಪಟೆಯಾದ, ತೆಳು ಭಿತ್ತಿಯ, ಸಾಲುಗಟ್ಟಿದ ಕೋಶಗಳ ಪಟ್ಟಿ ಕ್ಯಾಂಬಿಯಂ, ಕಾಂಡ ದಪ್ಪವಾಗಲು ಹೊಸ ಕೋಶಗಳನ್ನು ಹುಟ್ಟಿಸುವ ಅಂಗಾಂಶ. ಅದರ ಒಳಗೆ ದೊಡ್ಡ ಬಾಯಿಯ ಕೆಂಪು ನಾಳಗಳ ಸಾಲುಗಳು ಕ್ಸೈಲಂ. ಹೊರಗಿನವು ಅಗಲ, ತಿರುಳಿನ ಕಡೆಗೆ ಹೋದಂತೆ ಕಿರಿದು. ಕಿರಿದಾದವೇ ಮೊದಲು ಹುಟ್ಟಿದ ಪ್ರೋಟೋಕ್ಸೈಲಂ. ಈ ಒಂದು ಸಂಗತಿಯನ್ನು ಗಟ್ಟಿಮಾಡಿಕೊಳ್ಳಿ: ಕಾಂಡದಲ್ಲಿ ಪ್ರೋಟೋಕ್ಸೈಲಂ ತಿರುಳಿನ ಕಡೆಗೆ, ಬೇರಿನಲ್ಲಿ ಹೊರಗಡೆಗೆ.

ಕ್ಸೈಲಂ ನೀರಿನ ದಾರಿ ಎಂಬುದನ್ನು ಬಾಯಿಪಾಠ ಮಾಡುವ ಬದಲು ಮಾಡಿ ನೋಡಬಹುದು. ಆಗಲೇ ಹೇಳಿದ ನೀರುಕಡ್ಡಿಯ ಕಾಂಡವನ್ನು ನೀರಿನೊಳಗೇ ಕತ್ತರಿಸಿ (ಹೊರಗೆ ಕತ್ತರಿಸಿದರೆ ನಾಳಗಳಿಗೆ ಗಾಳಿ ನುಗ್ಗಿ ದಾರಿ ಕಟ್ಟುತ್ತದೆ), ಎಲೆಗಳ ಸಮೇತ ಕೆಂಪು ಶಾಯಿ ಬೆರೆಸಿದ ನೀರಿನಲ್ಲಿ ನಿಲ್ಲಿಸಿ, ಬೆಳಕಿರುವ ಕಿಟಕಿಯ ಬಳಿ ಒಂದೆರಡು ಗಂಟೆ ಇಡಿ. ಪಾರದರ್ಶಕವಾದ ಕಾಂಡದೊಳಗೆ ಕೆಂಪು ಗೆರೆಗಳು ಏರುವುದು ಬರಿಗಣ್ಣಿಗೇ ಕಾಣುತ್ತದೆ. ಅಡ್ಡಛೇದ ಮಾಡಿದರೆ ನಾಳಗಳಷ್ಟೇ ಕೆಂಪಾಗಿರುತ್ತವೆ. ಇನ್ನೂ ಒಂದು ಚೋದ್ಯ ಇಲ್ಲಿದೆ: ನೀರುಕಡ್ಡಿ ಏಕದಳ ಸಸ್ಯವಲ್ಲ, ಆದರೂ ಅದರ ನಾಳಕೂರ್ಚಗಳು ವೃತ್ತದಲ್ಲಿ ನಿಲ್ಲದೆ ಚದುರಿರುತ್ತವೆ. ಕೂರ್ಚಗಳು ಚದುರಿದ್ದರೆ ಏಕದಳ ಎಂದು ಸೂತ್ರ ಹಾಕಿಕೊಂಡವರಿಗೆ ಈ ಗಿಡ ಒಳ್ಳೆಯ ಪಾಠ ಕಲಿಸುತ್ತದೆ.

ನಿಜವಾದ ಏಕದಳ ಕಾಂಡಕ್ಕೆ ಭುಟ್ಟಾದ ಹಿಡಿಕೆಯನ್ನು ನೋಡಿ. ಕೂರ್ಚಗಳು ಪೇರೆಂಕೈಮದ ತುಂಬ ಚದುರಿವೆ, ಅಂಚಿನ ಕಡೆ ದಟ್ಟವಾಗಿವೆ. ಒಂದೊಂದು ಕೂರ್ಚವೂ ಯಕ್ಷಗಾನದ ಮುಖವರ್ಣಿಕೆಯ ಹಾಗೆ ಕಾಣುತ್ತದೆ: ಎರಡು ಅಗಲ ನಾಳಗಳು ಕಣ್ಣುಗಳು, ಕೆಳಗಿನ ಪ್ರೋಟೋಕ್ಸೈಲಂ ಮತ್ತು ಅದು ಹರಿದು ಉಂಟಾದ ಪೊಳ್ಳು ಮೂಗು ಬಾಯಿ, ಕಣ್ಣುಗಳ ಮೇಲ್ಗಡೆಯ ಫ್ಲೋಯಂ ಹಣೆ. ಸುತ್ತಲೂ ಸ್ಕ್ಲೀರೆಂಕೈಮದ ಕೆಂಪು ಕವಚ. ಎಷ್ಟು ಹುಡುಕಿದರೂ ಕ್ಯಾಂಬಿಯಂ ಸಿಗುವುದಿಲ್ಲ. ಆದ್ದರಿಂದ ಜೋಳ, ಕಬ್ಬು, ಬಿದಿರು ಇವು ದ್ವಿದಳ ಮರಗಳಂತೆ ವರ್ಷ ವರ್ಷ ದಪ್ಪವಾಗಲಾರವು.

ಕುಂಬಳದ ಬಳ್ಳಿಯಲ್ಲಿ ಇನ್ನೊಂದು ಬಗೆ. ಹತ್ತು ಕೂರ್ಚಗಳು ಐದೈದರಂತೆ ಎರಡು ಸುತ್ತಿನಲ್ಲಿರುತ್ತವೆ, ಪ್ರತಿ ಕೂರ್ಚದಲ್ಲೂ ಫ್ಲೋಯಂ ಕ್ಸೈಲಂನ ಹೊರಗೂ ಒಳಗೂ ಇರುತ್ತದೆ. ಫ್ಲೋಯಂ ಯಾವಾಗಲೂ ಹೊರಗೇ ಎಂದುಕೊಂಡವರು ಇಲ್ಲಿ ಎಡವುತ್ತಾರೆ. ಕುಂಬಳದ ಜರಡಿನಾಳಗಳು ದೊಡ್ಡವಾದ್ದರಿಂದ 400 ಪಟ್ಟಿನಲ್ಲಿ ತೂತು ತೂತಾದ ಜರಡಿಫಲಕವನ್ನು ಕಾಣುವ ಅದೃಷ್ಟ ಸಾಮಾನ್ಯ ಸೂಕ್ಷ್ಮದರ್ಶಕದಲ್ಲೂ ಒದಗುತ್ತದೆ. ಫ್ಲೋಯಂ ತೋರಿಸಲು ಇದಕ್ಕಿಂತ ಒಳ್ಳೆಯ ಗಿಡ ನಮ್ಮ ಮಾರುಕಟ್ಟೆಯಲ್ಲಿಲ್ಲ.

ಬೇರಿಗೆ ಮೊಳಕೆಕಾಳು ಸುಲಭ, ಆದರೆ ಯಾವ ಕಾಳು ಎಂಬುದು ಮುಖ್ಯ. ಉಸಳಿಗೆ ನೆನೆಸಿದ ಹೆಸರುಕಾಳಿನಲ್ಲಿ ಬೆಳ್ಳಗೆ ಉದ್ದಕ್ಕೆ ಚಾಚಿದ ಭಾಗದ ಬಹುಪಾಲು ಬೇರಲ್ಲ, ಬೀಜದಳಗಳನ್ನು ಮೇಲೆತ್ತುವ ಬುಡಕಾಂಡ. ಅಲ್ಲಿ ಕತ್ತರಿಸಿ ಬೇರಿನ ರಚನೆ ಹುಡುಕಿದರೆ ಗೊಂದಲವೇ ಫಲ. ಕಡಲೆಯ ಬೀಜದಳಗಳು ಮಣ್ಣಿನಲ್ಲೇ ಉಳಿಯುವುದರಿಂದ ಮೊದಲು ಹೊರಬರುವ ಮೊಳಕೆ ನಿಜವಾದ ಬೇರು. ಅದನ್ನು ಒದ್ದೆ ಬಟ್ಟೆಯಲ್ಲಿ ಆರೇಳು ಸೆಂಟಿಮೀಟರ್ ಬೆಳೆಸಿ, ತುದಿಯಿಂದ ದೂರದ ಬಲಿತ ಭಾಗವನ್ನು ಕ್ಯಾರೆಟ್ಟಿನಲ್ಲಿ ಸಿಕ್ಕಿಸಿ ಕತ್ತರಿಸಿ. ನಡುವೆ ಸಾಮಾನ್ಯವಾಗಿ ನಾಲ್ಕು ತೋಳುಗಳ ಕ್ಸೈಲಂ, ತೋಳುಗಳ ಸಂದಿನಲ್ಲಿ ಫ್ಲೋಯಂ. ಕಾಂಡದಲ್ಲಿದ್ದಂತೆ ಒಂದರ ಹಿಂದೊಂದು ಅಲ್ಲ, ಒಂದರ ಪಕ್ಕದಲ್ಲೊಂದು. ಸುತ್ತ ಒಳಚರ್ಮದ (ಎಂಡೋಡರ್ಮಿಸ್) ಸಾಲು. ಅದರ ಭಿತ್ತಿಗಳಲ್ಲಿರುವ ಕ್ಯಾಸ್ಪರಿ ಪಟ್ಟಿ ನೀರನ್ನು ಭಿತ್ತಿಗಳ ಸಂದಿಯಿಂದ ನುಸುಳಲು ಬಿಡದೆ ಜೀವಂತ ಕೋಶದ ಮೂಲಕವೇ ಹಾಯುವಂತೆ ಮಾಡುತ್ತದೆ. ಎಳೆಯ ಬೇರಿನ ಕೈಛೇದದಲ್ಲಿ ಅದು ಕಾಣದಿದ್ದರೆ ಕಂಡಿತೆಂದು ಬರೆಯಬೇಡಿ.

ಎಲೆಗಳು, ಮತ್ತೆ ಕೆಲವು

ಎಲೆಯ ಛೇದಕ್ಕೆ ನಡುನರವನ್ನು ಒಳಗೊಂಡ ಅರ್ಧ ಸೆಂಟಿಮೀಟರ್ ಅಗಲದ ಪಟ್ಟಿ ಸಾಕು. ಹೆದ್ದಾರಿಯ ವಿಭಜಕಗಳಲ್ಲಿ ಬೆಳೆಸುವ ಕಣಗಿಲೆ ಒಳ್ಳೆಯ ಆಯ್ಕೆ: ಮೇಲೆ ಹಲವು ಸಾಲುಗಳ ಹೊರಪದರ, ಅಡಿಭಾಗದಲ್ಲಿ ರೋಮ ತುಂಬಿದ ಗುಳಿಗಳು, ಆ ಗುಳಿಗಳೊಳಗೆ ಅವಿತ ಪತ್ರರಂಧ್ರಗಳು. ಒಣಹವೆಯಲ್ಲಿ ನೀರು ಉಳಿಸುವ ಏರ್ಪಾಟು ಒಂದೇ ನೋಟಕ್ಕೆ ಸಿಗುತ್ತದೆ. ಗಿಡ ವಿಷಕಾರಿಯಾದ್ದರಿಂದ ಬ್ಲೇಡನ್ನೂ ಕೈಯನ್ನೂ ಸೋಪಿನಿಂದ ತೊಳೆಯಬೇಕು, ಊಟದ ತಟ್ಟೆಯ ಬಳಿ ಈ ಕೆಲಸ ಸಲ್ಲದು. ಕುಂಡದ ರಬ್ಬರ್ ಗಿಡದ ಎಲೆಯಲ್ಲಿ ಮೇಲಿನ ಹೊರಪದರದ ಕೆಲವು ದೊಡ್ಡ ಕೋಶಗಳೊಳಗೆ ಗೊಂಚಲಾಗಿ ಇಳಿಬಿದ್ದಿರುವುದು ಕ್ಯಾಲ್ಸಿಯಂ ಕಾರ್ಬೋನೇಟು. ವಿನೆಗರಿನ ಹನಿ ತಾಗಿಸಿದರೆ ಗುಳ್ಳೆ ಬಿಡುತ್ತ ಕರಗುತ್ತದೆ. ಕೆಸುವಿನ ತೊಟ್ಟಿನಲ್ಲಿ ಸೂಜಿಯಾಕಾರದ ಹರಳುಗಳ ಕಟ್ಟುಗಳಿವೆ. ಅವು ಕ್ಯಾಲ್ಸಿಯಂ ಆಕ್ಸಲೇಟಿನವು. ಪತ್ರೊಡೆಗೆ ಹುಣಸೆ ಸಾಲದಾದಾಗ ಗಂಟಲು ತುರಿಸುವುದರಲ್ಲಿ ಇವುಗಳ ಪಾಲು ದೊಡ್ಡದು. ಅದೇ ತೊಟ್ಟಿನಲ್ಲೂ, ಪೊವಾಯಿ ಕೆರೆಯನ್ನು ಮುಚ್ಚುವ ಜಲಪರ್ಣಿಯ ಉಬ್ಬಿದ ತೊಟ್ಟಿನಲ್ಲೂ, ಗಾಳಿಕೋಣೆಗಳಿಂದ ತುಂಬಿದ ಪೇರೆಂಕೈಮವನ್ನು ನೋಡಬಹುದು.

ಜೋಳದ ಎಲೆಯನ್ನು ಬಿಸಿಲು ಬಿದ್ದ ದಿನದ ಮಧ್ಯಾಹ್ನ ಕಿತ್ತು ಛೇದ ಮಾಡಿ ಅಯೋಡಿನ್ ಹಾಕಿದರೆ, ನಾಳಕೂರ್ಚದ ಸುತ್ತಲ ಕವಚದ ಕೋಶಗಳು ಕಪ್ಪಾಗುತ್ತವೆ, ಅದರ ಹೊರಗಿನ ಹಸಿರು ಕೋಶಗಳು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ಈ ಉಂಗುರದ ರಚನೆಯನ್ನು ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞ ಹಾಬರ್ಲಾಂಟ್ 1884ರಷ್ಟು ಹಿಂದೆಯೇ ವರ್ಣಿಸಿದ್ದರು. ಅದರ ಹಿಂದಿನ ರಾಸಾಯನಿಕ ಕಾರಣವನ್ನು ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು ವಿವರಿಸಿದ್ದು 1966ರಲ್ಲಿ. ಬ್ಲೇಡು ಕಂಡದ್ದನ್ನು ರಸಾಯನಶಾಸ್ತ್ರ ತಲುಪಲು ಎಂಬತ್ತು ವರ್ಷ ಹಿಡಿಯಿತು.

ಕಾಂಡ ದಪ್ಪವಾಗುವ ಬಗೆಯನ್ನು ತೋರಿಸಲು ಎಲ್ಲೆಡೆ ಸಿಗುತ್ತದೆಂದು ಬೋಗನ್‌ವಿಲ್ಲಾದ ಕೊಂಬೆಯನ್ನು ತರಬೇಡಿ. ಅದರಲ್ಲಿ ಕ್ಯಾಂಬಿಯಂ ಒಂದರ ಹೊರಗೊಂದರಂತೆ ಹಲವು ಬಾರಿ ಹುಟ್ಟುವುದರಿಂದ ಕಟ್ಟಿಗೆಯ ನಡುವೆ ಫ್ಲೋಯಂ ತುಂಬಿದ ಕೂರ್ಚಗಳು ಸುತ್ತುಸುತ್ತಾಗಿ ಕಾಣುತ್ತವೆ; ಸಾಮಾನ್ಯ ಕ್ರಮ ಕಲಿಯದವರಿಗೆ ಅಪವಾದವನ್ನು ಮೊದಲು ತೋರಿಸಿದಂತಾಗುತ್ತದೆ. ದಾಸವಾಳದ ಸೀಸಕಡ್ಡಿ ಗಾತ್ರದ ಕೊಂಬೆ ವಾಸಿ. ನಡುವೆ ಕ್ಸೈಲಂನ ಗಟ್ಟಿ ಕೆಂಪು ಉರುಳೆ, ಅದರ ಹೊರಗೆ ತುದಿ ಹೊರಮುಖವಾದ ತ್ರಿಕೋನಗಳಲ್ಲಿ ಫ್ಲೋಯಂ, ಆ ಫ್ಲೋಯಂನೊಳಗೆ ನಾರಿನ ಕೆಂಪು ಪಟ್ಟಿಗಳು. ಕೊಂಬೆ ಗಟ್ಟಿಯಾದ್ದರಿಂದ ಬ್ಲೇಡನ್ನು ಪದೇ ಪದೇ ಬದಲಿಸಬೇಕಾಗುತ್ತದೆ. ವಾರ್ಷಿಕ ಉಂಗುರಕ್ಕೆ ಬಡಗಿಯಿಂದ ತೇಗದ ಚೂರೊಂದನ್ನು ಕೇಳಿ ತಂದು, ಅಡ್ಡಮುಖವನ್ನು ಬ್ಲೇಡಿನಿಂದ ನಯಗೊಳಿಸಿ, ಕೈಮಸೂರದಲ್ಲಿ ನೋಡಿದರೆ ಸಾಕು. ಪ್ರತಿ ಉಂಗುರದ ಆರಂಭದಲ್ಲಿ ಅಗಲ ನಾಳಗಳ ಸಾಲು ಎದ್ದು ಕಾಣುತ್ತದೆ.

ಚಿತ್ರ, ಜೋಪಾನ

ಚಿತ್ರ ಬಿಡಿಸುವಾಗ ಮೊದಲು ಇಡೀ ಛೇದದ ಹೊರಗೆರೆ, ಅಂಗಾಂಶಗಳ ಗಡಿಗಳು ಮಾತ್ರ ಬರಲಿ, ಕೋಶಗಳು ಬೇಡ. ಆಮೇಲೆ ಒಂದು ಕಿರಿದಾದ ಪಾಲನ್ನು ಆರಿಸಿ ಅಲ್ಲಿನ ಕೋಶಗಳನ್ನು ಕಂಡಷ್ಟೇ ಬಿಡಿಸಿ, ದಪ್ಪ ಭಿತ್ತಿಗೆ ಎರಡು ಗೆರೆ, ತೆಳು ಭಿತ್ತಿಗೆ ಒಂದು ಗೆರೆ ಎಳೆಯಿರಿ. ಬದಿಯಲ್ಲಿ ಗಿಡದ ಹೆಸರು, ಭಾಗ, ಬಣ್ಣ, ಎಷ್ಟು ಪಟ್ಟು ಎಂಬುದನ್ನು ಬರೆಯಿರಿ. ಮೊಬೈಲನ್ನು ನೇತ್ರಮಸೂರಕ್ಕೆ ಹಿಡಿದು ಫೋಟೋ ತೆಗೆಯಬಹುದು. ಆದರೆ ಫೋಟೋ ತೆಗೆದವನಿಗಿಂತ ಚಿತ್ರ ಬಿಡಿಸಿದವನು ಹೆಚ್ಚು ನೋಡಿರುತ್ತಾನೆ ಎಂಬುದು ನನ್ನ ಅಭಿಪ್ರಾಯ.

ಗ್ಲಿಸರಿನ್ನಿನಲ್ಲಿಟ್ಟ ಛೇದ ಬೇಗ ಒಣಗುವುದಿಲ್ಲ. ಕವರ್ ಸ್ಲಿಪ್ಪಿನ ಸುತ್ತ ಗ್ಲಿಸರಿನ್ನಿನ ಪಸೆಯನ್ನು ಚೆನ್ನಾಗಿ ಒರೆಸಿ, ಬಣ್ಣವಿಲ್ಲದ ನೇಲ್ ಪಾಲಿಶ್ಶಿನಿಂದ ಅಂಚುಗಳನ್ನು ಮುಚ್ಚಿದರೆ ಸ್ಲೈಡು ಕೆಲವು ವಾರಗಳವರೆಗೆ ಉಳಿಯುತ್ತದೆ; ಮುಂಬಯಿಯ ಮಳೆಗಾಲದ ತೇವದಲ್ಲಿ ಬೂಷ್ಟು ಹಿಡಿಯದಂತೆ ಅದನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಮಲಗಿಸಿಡಿ. ಬಳಸಿದ ಬ್ಲೇಡುಗಳನ್ನೂ ಒಡೆದ ಕವರ್ ಸ್ಲಿಪ್ಪುಗಳನ್ನೂ ಬರಿದೇ ಕಸದ ಚೀಲಕ್ಕೆ ಹಾಕದೆ ಗಟ್ಟಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ, ಮುಚ್ಚಳವನ್ನು ಟೇಪಿನಿಂದ ಬಿಗಿದು, ಮೇಲೆ ಬ್ಲೇಡು ಎಂದು ದೊಡ್ಡದಾಗಿ ಬರೆದು ಒಣಕಸದವರ ಕೈಗೆ ಹೇಳಿಯೇ ಕೊಡಬೇಕು.